ಪವಿತ್ರ ಸಮಾಧಿಯ ಚರ್ಚಿನೊಳಗೆ ಒಂದು ಇಡೀ ರಾತ್ರಿ: ನನ್ನ ಅನುಭವ

ಗುಂಪಿಲ್ಲದೆ, ಗೈಡ್ ಇಲ್ಲದೆ ಯೇಸು ಬಾಳಿದ ಪುಣ್ಯಭೂಮಿಗೆ ಹೋಗಿಬರೋಕೆ ಆಗಲ್ಲ ಅಂತ ನಮ್ಮ ಚರ್ಚಿನಲ್ಲಿ ಹೇಳದವರೇ ಇರಲಿಲ್ಲ. 2019ರ ನವೆಂಬರ್‌ನಲ್ಲಿ ನಾನೂ ನನ್ನ ಅಕ್ಕನೂ ಹೋಗಿಬಂದೆವು. ಅಕ್ಕನಿಗೆ ಆಗ ಅರವತ್ತಮೂರು, ಮೇಲೆ ಮಂಡಿನೋವು.

2015ರಲ್ಲಿ ಪ್ಯಾಕೇಜಿನಲ್ಲಿ ಹೋಗಿದ್ದೆ. ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಸೇರಿ ಹತ್ತು ದಿನ, ಒಂದೂಕಾಲು ಲಕ್ಷದ ಹತ್ತಿರ ಹತ್ತಿರ. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತು ಯೇಸುವಿನ ಸಮಾಧಿಯೊಳಗೆ ಸಿಕ್ಕಿದ್ದು ಅರ್ಧ ನಿಮಿಷ. ಅಮೃತಶಿಲೆಯ ಚಪ್ಪಡಿ ಮುಟ್ಟುವಷ್ಟರಲ್ಲೇ ಹಿಂದಿನವರ ನೂಕು. ಅವತ್ತೇ ತೀರ್ಮಾನ ಮಾಡಿದೆ, ಇನ್ನೊಮ್ಮೆ ಬಂದರೆ ರಾತ್ರಿ ಇಲ್ಲೇ ಇರಬೇಕು ಅಂತ. ಬಾಗಿಲು ಹಾಕಿದ ಮೇಲೂ ಬೆರಳೆಣಿಕೆಯಷ್ಟು ಯಾತ್ರಿಕರನ್ನು ಪ್ರಾರ್ಥನೆಗಾಗಿ ಒಳಗೆ ಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಮೊದಲ ಪ್ರಯತ್ನ ಕೈಕೊಟ್ಟಿತು. ಸಂಜೆ ಹೋಗಿ ಫ್ರಾನ್ಸಿಸ್ಕನ್ ಫಾದರ್‌ಗಳ ಸಾಕ್ರಿಸ್ಟಿಯಲ್ಲಿ, ಅಂದರೆ ಪೂಜೆಗೆ ಸಿದ್ಧವಾಗುವ ಕೋಣೆಯಲ್ಲಿ, ಕೇಳಿದರೆ ಅವತ್ತಿನ ಪಟ್ಟಿ ಭರ್ತಿ. ಮಾರನೆಯ ದಿನವೂ ಅದೇ ಮಾತು. ಮೂರನೆಯ ದಿನ ಶುಕ್ರವಾರ. ಬೇಜಾರಾಗಿ ಗಲಿಲೇಯಕ್ಕೆ ಹೊರಟರೆ, ಯೆಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ ಅಂತ ಮಧ್ಯಾಹ್ನದಿಂದಲೇ ಬಸ್ಸಿಲ್ಲ. ಗಲಿಲೇಯದ ತಿಬೇರಿಯ ಪಟ್ಟಣದಲ್ಲಿ ಕಾದಿರಿಸಿದ್ದ ರೂಮಿನ ಒಂದು ರಾತ್ರಿಯ ಬಾಡಿಗೆ, ಐದಾರು ಸಾವಿರ ರೂಪಾಯಿ, ನೀರುಪಾಲು. ಆಮೇಲೆ ತಿಳಿಯಿತು: ಜೆರುಸಲೇಮಿನ ಹಳೇ ಊರಿನ ದಮಸ್ಕ ಬಾಗಿಲ ಹತ್ತಿರದಿಂದ ಹೊರಡುವ ಅರಬ್ಬರ ಬಸ್ಸು ಶನಿವಾರವೂ ಓಡುತ್ತೆ. ಆಗ ಏಳೆಂಟು ಶೆಕೆಲ್ (ಇಸ್ರೇಲಿನ ಹಣ) ಕೊಟ್ಟರೆ ಬೆತ್ಲೆಹೇಮಿಗೆ ತಲುಪಿಸುತ್ತಿತ್ತು. ಶನಿವಾರವನ್ನು ಬೆತ್ಲೆಹೇಮಿಗೇ ಇಟ್ಟುಕೊಳ್ಳಿ.

ಗಲಿಲೇಯದಲ್ಲಿ ಒಂದು ಪ್ರಯೋಗ ಮಾಡಿದೆವು. ತಾಬ್ಘದಿಂದ ಕಪೆರ್ನವುಮ್‌ಗೆ ಗಲಿಲೇಯ ಸರೋವರದ ಪಕ್ಕದಲ್ಲೇ ನಡೆದೆವು, ಮೂರು ಕಿಲೋಮೀಟರ್ ಆಗಬಹುದು. ಯೇಸು ಐದು ರೊಟ್ಟಿ, ಎರಡು ಮೀನಿನಿಂದ ಸಾವಿರಾರು ಜನರಿಗೆ ಉಣಿಸಿದ್ದು ತಾಬ್ಘದಲ್ಲೇ ಅಂತ ನಂಬಿಕೆ; ಹೊರಡುವ ಮುಂಚೆ ಅಲ್ಲಿನ ಚರ್ಚಿನ ನೆಲದಲ್ಲಿರೋ ಪುರಾತನ ಮೊಸಾಯಿಕ್ ನೋಡಿದೆವು. ಎರಡು ಮೀನು, ನಡುವೆ ಬುಟ್ಟಿ, ಬುಟ್ಟಿಯಲ್ಲಿ ರೊಟ್ಟಿ ನಾಲ್ಕೇ. "ಐದನೆಯದು ಬಲಿಪೀಠದ ಮೇಲೆ ಇರುತ್ತಲ್ಲ" ಅಂದಳು ಅಕ್ಕ. ಅವಳು ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು. ಆ ನಡಿಗೆಗೆ ಮಂಡಿ ಊದಿತು, ಒಂದು ದಿನ ಪೂರ್ತಿ ರೂಮಿನಲ್ಲೇ ಕಳೆಯಿತು. ಆದರೂ ಆ ದಾರಿಯನ್ನು ಬಸ್ಸಿನಲ್ಲಿ ಹೋಗಿ ಅಂತ ನಾನು ಯಾರಿಗೂ ಹೇಳಲಾರೆ.

ಜೆರುಸಲೇಮಿಗೆ ವಾಪಸ್ಸು ಬಂದು ಮತ್ತೆ ಸಾಕ್ರಿಸ್ಟಿಗೆ ಹೋದೆ. ಈ ಸಲ ಬೆಳಿಗ್ಗೆ ಬಲಿಪೂಜೆ ಮುಗಿದ ಮೇಲೆ. ಯಾರ ಹತ್ತಿರ, ಹೇಗೆ ಕೇಳಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ನಿಜವಾಗಿ ಹೋಗುವವರು ಸಿಕ್ಕಾಗ ಹೇಳುತ್ತೇನೆ. ಎರಡು ಹೆಸರು ಪಟ್ಟಿಗೆ ಸೇರಿತು.

ಸಂಜೆ ಏಳಕ್ಕೆ ಬಾಗಿಲು ಹಾಕಿದರು. ಬೀಗದ ಕೈ ತಲೆತಲಾಂತರದಿಂದ ಎರಡು ಮುಸ್ಲಿಂ ಮನೆತನಗಳ ಕೈಯಲ್ಲಿದೆಯಲ್ಲ, ಅದನ್ನು ಒಳಗೆ ನಿಂತು ನೋಡಬೇಕು. ಹೊರಗೆ ಏಣಿ ಒರಗಿಸಿ ಮೇಲಿನ ಬೀಗ ಹಾಕುವ ಸದ್ದು, ಆಮೇಲೆ ಬಾಗಿಲಿನ ಚಿಕ್ಕ ಕಿಂಡಿಯಿಂದ ಅದೇ ಏಣಿ ಮೆಲ್ಲಗೆ ಒಳಗೆ ಬಂತು. ಇನ್ನು ಬೆಳಗಿನ ಜಾವದವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಮಲಗುವಂತೆಯೂ ಇಲ್ಲ. ಕಲ್ಲಿನ ಚಳಿ ಮೂಳೆಗೆ ಇಳಿಯುತ್ತೆ. ಶಾಲು ಒಂದು ಸಾಲದು, ಎರಡು ಒಯ್ಯಿರಿ.

ಗದ್ದಲ ಅಡಗಿದ ಮೇಲೆ ಅಕ್ಕ ಬಗ್ಗಿ ಸಮಾಧಿಯೊಳಗೆ ಹೋದಳು. ಮೂರ್ನಾಲ್ಕು ಜನರಿಗಷ್ಟೇ ಜಾಗ ಅಲ್ಲಿ. ಮೊಣಕಾಲೂರಲು ಆಗದೆ ಗೋಡೆಗೆ ಒರಗಿ ನಿಂತು, ಚಪ್ಪಡಿಯ ಮೇಲೆ ಜಪಸರ ಇಟ್ಟು ಐದೂ ದಶಕ (ಹತ್ತು ಹತ್ತು ಮಣಿಯ ಜಪ) ಮುಗಿಸಿದಳು. ಯಾರೂ ನೂಕಲಿಲ್ಲ. ನಾನು ಬಾಗಿಲಲ್ಲೇ ಅಳುತ್ತಾ ನಿಂತಿದ್ದೆ. ನಡುರಾತ್ರಿಯ ಹೊತ್ತಿಗೆ ಗ್ರೀಕ್ ಆರ್ಥೊಡಾಕ್ಸ್ ಪಾದ್ರಿಗಳು ಗೆಜ್ಜೆ ಕಟ್ಟಿದ ಧೂಪದಾನಿ ಹಿಡಿದು ಒಂದೊಂದೇ ಬಲಿಪೀಠಕ್ಕೆ ಧೂಪ ಹಾಕುತ್ತಾ ಬಂದರು. ಆ ಘಲ್ ಘಲ್, ಯೇಸುವನ್ನು ಶಿಲುಬೆಗೇರಿಸಿದ ಜಾಗ ಅನ್ನುವ ಚರ್ಚಿನೊಳಗಿನ ಕಲ್ವಾರಿಯ ಮೆಟ್ಟಿಲಿನ ಕಡೆಯಿಂದ ಇಳಿದು ಬರುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಹನ್ನೆರಡು ದಿನಕ್ಕೆ ತಲೆಗೆ ತೊಂಬತ್ತು ಸಾವಿರದ ಆಸುಪಾಸು ಬಿತ್ತು, ಅದರಲ್ಲಿ ಅರ್ಧದಷ್ಟು ವಿಮಾನಕ್ಕೇ. ಪ್ಯಾಕೇಜಿಗಿಂತ ಕಡಿಮೆ, ದಿನ ಎರಡು ಜಾಸ್ತಿ.

ನಾಲ್ಕು ಗಂಟೆ ದಾಟಿದ ಮೇಲೆ ಬಾಗಿಲು ತೆರೆಯಿತು. ಬೀದಿಯಲ್ಲಿ ಎಳ್ಳು ಹಚ್ಚಿದ ಬಿಸಿ ಬ್ರೆಡ್ ಕೊಂಡು ಇಬ್ಬರೂ ಮುರಿದು ತಿಂದೆವು. ಅಕ್ಕ ಕೇಳಿದಳು, "ಇವತ್ತು ರಾತ್ರಿಗೂ ಹೆಸರು ಕೊಡಬಹುದೇನೋ?"