ಹೊಟ್ಟೆಯ ಮಾತ್ರೆ: ಯಾವುದು, ಯಾವ ಹೊತ್ತಿಗೆ, ಎಷ್ಟು ದಿನ

ಮುಂಬೈ ಬಳಿಯ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿಯುವ ಎಷ್ಟೋ ಜನ ಐದೂವರೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಾರೆ, ಡಬ್ಬಿಯ ತಿಂಡಿ ಬಿಚ್ಚುವುದು ಮಾತ್ರ ಹತ್ತಕ್ಕೆ, ಆಫೀಸಿನಲ್ಲಿ. ಇನ್ನು ಕೆಲವರು ಇಡ್ಲಿ ತಿಂದು ಕೈ ತೊಳೆದ ಮೇಲೆ ನುಂಗುತ್ತಾರೆ. ಎರಡರಲ್ಲೂ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪುಗಳು ಚುರುಕಾಗುವುದು ಊಟ ಒಳಗಿಳಿದಾಗ. ಚುರುಕಾದ ಪಂಪನ್ನಷ್ಟೇ ಈ ಮಾತ್ರೆ ಕಟ್ಟಿಹಾಕಬಲ್ಲದು, ಮೇಲಾಗಿ ಅದು ರಕ್ತದಲ್ಲಿ ಉಳಿಯುವುದೇ ಕೆಲವು ತಾಸು. ಹಾಗಾಗಿ ತಿಂಡಿಗೆ ಮೂವತ್ತರಿಂದ ಅರವತ್ತು ನಿಮಿಷ ಮೊದಲು ಎಂಬ ಲೆಕ್ಕ. ಹತ್ತಕ್ಕೆ ತಿನ್ನುವವರು ಮಾತ್ರೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಒಂಬತ್ತೂವರೆಗೆ ತೆಗೆದುಕೊಳ್ಳಲಿ. ಗಿರಾಕಿಗಳ ಗದ್ದಲ ಮುಗಿದು ಮಧ್ಯಾಹ್ನ ಮೂರಕ್ಕೆ ಮೊದಲ ತುತ್ತು ಕಾಣುವ ಹೋಟೆಲ್ ಕೆಲಸದವರಿಗೆ ಎರಡೂವರೆಯೇ ಸರಿಯಾದ ಹೊತ್ತು. ಬೆಳಗಿನ ಚಹಾ ಊಟದ ಲೆಕ್ಕಕ್ಕೆ ಬರುವುದಿಲ್ಲ.

ದಿನದ ಸಾಮಾನ್ಯ ಪ್ರಮಾಣ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ., ಅದೇ ಗುಂಪಿನ ಒಮೆಪ್ರಜೋಲ್ ಅಥವಾ ರಬೆಪ್ರಜೋಲ್ 20 ಮಿ.ಗ್ರಾಂ. ಮಾತ್ರೆಯನ್ನು ಅಗಿಯಬಾರದು, ಮುರಿಯಬಾರದು, ಪುಡಿ ಮಾಡಬಾರದು. ಈ ಔಷಧವನ್ನು ಹೊಟ್ಟೆಯ ಆಮ್ಲವೇ ಹಾಳುಮಾಡುತ್ತದೆ, ಮೇಲಿನ ಲೇಪ ಇರುವುದು ಅದನ್ನು ತಡೆಯಲಿಕ್ಕೆ. ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಮೊದಲ ದಿನವೇ ಉರಿ ಇಳಿಯಲಿಲ್ಲವೆಂದು ಎರಡು ಮಾತ್ರೆ ನುಂಗುವುದು ಅವಸರವಷ್ಟೇ.

ಎದೆಯುರಿಗೆ ವೈದ್ಯರು ಬರೆಯುವುದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಕ್ಕೆ. ಚೀಟಿಯ ಅವಧಿ ಮುಗಿದರೂ ಮೆಡಿಕಲ್‌ನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ವರ್ಷಗಟ್ಟಲೆ ಮುಂದುವರಿಸುವವರು ಬಹಳ. ದೀರ್ಘಕಾಲ ತೆಗೆದುಕೊಂಡರೆ ಬಿ12 ಮತ್ತು ಮೆಗ್ನೀಸಿಯಂ ಇಳಿಯಬಹುದು. ಬಿಡಲು ಹೊರಟಾಗ ಇನ್ನೊಂದು ತೊಡಕು: ಇಷ್ಟು ದಿನ ತಡೆದಿಟ್ಟ ಆಮ್ಲ ಒಮ್ಮೆಲೇ ಹೆಚ್ಚಾಗಿ ಸುರಿದು ಕೆಲವು ವಾರ ಮೊದಲಿಗಿಂತ ಜೋರಾಗಿ ಉರಿಯಬಹುದು. 'ನೋಡಿ, ಮಾತ್ರೆ ಇಲ್ಲದೆ ಆಗುವುದೇ ಇಲ್ಲ' ಎಂದು ಜನ ಮತ್ತೆ ಶುರುಮಾಡುವುದು ಇಲ್ಲೇ. ಆ ವಾರಗಳನ್ನು ಫ್ಯಾಮೊಟಿಡಿನ್ ಎಂಬ ಬೇರೆ ಬಗೆಯ ಆಮ್ಲ ತಗ್ಗಿಸುವ ಮಾತ್ರೆ ಅಥವಾ ಆಮ್ಲವನ್ನು ಶಮನಗೊಳಿಸುವ ಆಂಟಾಸಿಡ್ ದ್ರವದ ಆಸರೆಯಲ್ಲಿ ದಾಟಬಹುದು. ಆದರೆ ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರಿಗೂ ಸಂಧಿನೋವಿಗೆ ದಿನಾ ಮಾತ್ರೆ ತೆಗೆದುಕೊಳ್ಳುವವರಿಗೂ ರಕ್ತಸ್ರಾವ ತಪ್ಪಿಸಲೆಂದೇ ಇದನ್ನು ಕೊಟ್ಟಿರುತ್ತಾರೆ. ಅವರು ತಾವಾಗಿ ಬಿಡಬಾರದು. ಕ್ಲೊಪಿಡೊಗ್ರೆಲ್ ಜೊತೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ, ಅದರ ಶಕ್ತಿ ಕುಗ್ಗಿಸುತ್ತವೆ. ಪ್ಯಾಂಟೊಪ್ರಜೋಲ್ ನಡೆಯುತ್ತದೆ.

ಮಾತ್ರೆಯ ಹೆಸರಿನ ತುದಿಯಲ್ಲಿ 'ಡಿ' ಅಥವಾ 'ಡಿಎಸ್‌ಆರ್' ಇದ್ದರೆ ಒಳಗೆ ಡೊಂಪೆರಿಡೋನ್ ಕೂಡ ಸೇರಿದೆ ಎಂದರ್ಥ. ಅದು ವಾಕರಿಕೆಗೆ, ತಿಂದದ್ದು ಕೆಳಗಿಳಿಯದೆ ಹೊಟ್ಟೆ ಭಾರವಾಗುವುದಕ್ಕೆ. ಬರಿಯ ಎದೆಯುರಿಗೆ ಅದು ಬೇಕಿಲ್ಲ. ಹೃದಯದ ಬಡಿತದ ಲಯ ಕೆಡಿಸುವ ಗುಣ ಅದಕ್ಕಿದೆ. ಅರವತ್ತು ದಾಟಿದವರಲ್ಲಿ, ದಿನಕ್ಕೆ 30 ಮಿ.ಗ್ರಾಂ. ಮೀರಿದವರಲ್ಲಿ, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಅಥವಾ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಜೊತೆಗೆ ತೆಗೆದುಕೊಂಡವರಲ್ಲಿ ಅಪಾಯ ಹೆಚ್ಚು. ಚೀಟಿಯಲ್ಲಿ ಬರೆದಿರದಿದ್ದರೆ 'ಸಾದಾ ಕೊಡಿ' ಎಂದು ಕೇಳಿ ಪಡೆಯಿರಿ.

ಆಂಟಾಸಿಡ್ ದ್ರವ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಒಂದೆರಡು ತಾಸಿನಲ್ಲಿ ಮುಗಿಯುತ್ತದೆ. ಬಾಟಲಿ ಕುಲುಕಿ, ಎರಡು ಚಮಚ, ಅಂದರೆ 10 ಮಿ.ಲೀ., ಊಟವಾಗಿ ಒಂದು ತಾಸಿಗೆ. ಅದರಲ್ಲಿನ ಮೆಗ್ನೀಸಿಯಂ ಹೊಟ್ಟೆ ಸಡಿಲಿಸುತ್ತದೆ, ಅಲ್ಯುಮಿನಿಯಂ ಬಿಗಿಸುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಎರಡೂ ಸಲ್ಲದು. ಥೈರಾಯ್ಡ್ ಮಾತ್ರೆಗೆ ನಾಲ್ಕು ತಾಸು, ಕಬ್ಬಿಣದ ಮಾತ್ರೆ, ಆಂಟಿಬಯಾಟಿಕ್‌ಗಳಾದ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲೊಕ್ಸಾಸಿನ್‌ಗಳಿಗೆ ಕನಿಷ್ಠ ಎರಡು ತಾಸು ಅಂತರ ಬಿಡದಿದ್ದರೆ ಅವು ಮೈಗೆ ಸರಿಯಾಗಿ ಹತ್ತುವುದಿಲ್ಲ. ಈನೋದಂಥ ನೊರೆಯ ಪುಡಿಯಲ್ಲಿ ಸೋಡಿಯಂ ಹೆಚ್ಚು. ಬಿಪಿ ಇರುವವರ ದಿನನಿತ್ಯದ ಮದ್ದು ಅದಲ್ಲ. ಮನೆಯ ಡಬ್ಬಿಯಲ್ಲಿ ಆಮ್ಲ ತಗ್ಗಿಸುವ ಹಳೆಯ ರಾನಿಟಿಡಿನ್ ಮಾತ್ರೆ ಉಳಿದಿದ್ದರೆ ಬಿಸಾಡಿ. ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶದ ಆತಂಕ ಎದ್ದು ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು, ಭಾರತ 2022ರ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು.

ಇಲ್ಲೊಂದು ಎಚ್ಚರಿಕೆ. ಮೆಡಿಕಲ್‌ನಲ್ಲಿ 'ಗ್ಯಾಸ್ ಆಗಿದೆ' ಎಂದು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ: ಉರಿಯೋ, ಉಬ್ಬರವೋ, ಹಿಂಡುವ ನೋವೋ, ಎಲ್ಲಿ, ಯಾವಾಗಿನಿಂದ. ಎದೆ ಬಿಗಿದು ಬೆವರುತ್ತಿದ್ದರೆ, ನೋವು ದವಡೆಗೋ ಎಡಗೈಗೋ ಹರಿಯುತ್ತಿದ್ದರೆ ಆಂಟಾಸಿಡ್ ಕುಡಿದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಈ ಸಂಖ್ಯೆ ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಒಂದೇ. ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಕಾಮಾಲೆ ಇದ್ದರೂ ಮಾತ್ರೆ ಹುಡುಕುವ ಕೆಲಸ ಬೇಡ, ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ತಿನ್ನುವವರ ಮಲ ಕಪ್ಪಾಗುವುದು ಬೇರೆ ಮಾತು, ಆದರೂ ವೈದ್ಯರಿಗೆ ತಿಳಿಸಿ.

ಮುಂಬೈ ಮಳೆಗಾಲದ ಭೇದಿಗೆ ಮೊದಲ ಔಷಧ ಓಆರ್‌ಎಸ್. ಕೆಡಿಸುವುದೂ ಅದನ್ನೇ ಹೆಚ್ಚು. ದೊಡ್ಡ ಪೊಟ್ಟಣ 20.5 ಗ್ರಾಂ. ಆಸುಪಾಸು, ಸುವಾಸನೆ ಬೆರೆಸಿದ್ದರೆ ತುಸು ಜಾಸ್ತಿ. ಅದು ಪೂರ್ತಿ ಒಂದು ಲೀಟರ್‌ಗೆ. ಅಳತೆಗೆ ಲೀಟರಿನ ಖಾಲಿ ನೀರಿನ ಬಾಟಲಿ ಸಾಕು: ಕುದಿಸಿ ಆರಿಸಿದ ನೀರನ್ನು ಅದರಲ್ಲಿ ಅಳೆದು ಪಾತ್ರೆಗೆ ಸುರಿದು, ಇಡೀ ಪೊಟ್ಟಣ ಹಾಕಿ ಕದಡಿ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಹೊಸ ಅಪಾಯ. ನೀರು ಜಾಸ್ತಿಯಾದರೆ ಉಪ್ಪು ಸಾಲದು. ಸಕ್ಕರೆ, ಜ್ಯೂಸ್ ಸೇರಿಸಬೇಡಿ. ಬೆರೆಸಿದ ಮೇಲೆ ಕುದಿಸಬೇಡಿ. 24 ತಾಸಿನ ನಂತರ ಉಳಿದದ್ದು ಚೆಲ್ಲಿ. ಒಂದು ಲೋಟ ಮಾತ್ರ ಬೇಕೆಂದರೆ 200 ಮಿ.ಲೀ.ಯ ಚಿಕ್ಕ ಪೊಟ್ಟಣ ಕೇಳಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಎರಡರಿಂದ ಹತ್ತರವರೆಗೆ 100ರಿಂದ 200, ದೊಡ್ಡವರು ಬೇಕಾದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು. ರಟ್ಟಿನ ಡಬ್ಬಿಯ ಸಿಹಿ ಹಣ್ಣಿನ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವು ಹೆಸರಿನಲ್ಲಿ ಆ ಪದ ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಮಕ್ಕಳಿಗೆ ಜೊತೆಗೆ ಸತು: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿನವರಿಗೆ 10, ಭೇದಿ ನಿಂತರೂ 14 ದಿನ ಪೂರೈಸಬೇಕು. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಭೇದಿ ಕಟ್ಟುವ ಲೋಪೆರಮೈಡ್ ದೊಡ್ಡವರಿಗೆ ಮಾತ್ರ. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ಅವರಿಗೂ ಬೇಡ, ಸೋಂಕು ಒಳಗೇ ಉಳಿಯುತ್ತದೆ. ನೀರಿನಂಥ ಭೇದಿಗೆ ಬಹುತೇಕ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಸೋಂಕಿಗೆಂದು ಮೆಟ್ರೊನಿಡಜೋಲ್ ಬರೆದುಕೊಟ್ಟಿದ್ದರೆ, ಗೋವಾದಲ್ಲಿರುವವರಿಗೆ ಒತ್ತಿ ಹೇಳಬೇಕಾದ ಮಾತು, ಕೋರ್ಸ್ ಮುಗಿದು ಎರಡು ದಿನ ಕಳೆಯುವವರೆಗೆ ಫೆನಿ, ಬಿಯರ್ ಏನೂ ಮುಟ್ಟಬಾರದು. ಅದೇ ಗುಂಪಿನ ಟಿನಿಡಜೋಲ್ ಆದರೆ ಮೂರು ದಿನ.

ಹೊಟ್ಟೆ ನುಲಿತಕ್ಕೆ ಡೈಸೈಕ್ಲೊಮಿನ್, ಡ್ರೊಟಾವೆರಿನ್, ಹಯೊಸಿನ್ ಇವೆ. ಮೆಡಿಕಲ್‌ನಲ್ಲಿ ಕೈಗಿಡುವ 'ಸ್ಪಾಸ್' ಮಾತ್ರೆಗಳಲ್ಲಿ ಎಷ್ಟೋ ಸಲ ಡೈಸೈಕ್ಲೊಮಿನ್ ಜೊತೆ ಮೆಫೆನಮಿಕ್ ಆಮ್ಲ ಎಂಬ ನೋವುನಿವಾರಕ ಇರುತ್ತದೆ. ಅದು ಮುಟ್ಟಿನ ನೋವಿಗೆ ಸರಿ, ಆದರೆ ಹುಣ್ಣಿರುವ ಹೊಟ್ಟೆಗೆ ಹಾಕಿದರೆ ಉರಿಯ ಮೇಲೆ ಉರಿ. ಮೆಫೆನಮಿಕ್ ಆಮ್ಲದಿಂದ ಡ್ರೆಸ್ ಎಂಬ ತೀವ್ರ ಅಲರ್ಜಿ ಬರಬಹುದೆಂದು ಔಷಧಗಳ ಗುಣಮಟ್ಟ ನೋಡುವ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಗೆ ಎಚ್ಚರಿಸಿತು. ಜ್ವರ, ಚರ್ಮದ ದದ್ದು, ಗಂಟಲ ಗಡ್ಡೆಗಳ ಊತ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಡೈಸೈಕ್ಲೊಮಿನ್, ಹಯೊಸಿನ್‌ಗಳನ್ನು ಕೇಳದೆ ನುಂಗಬಾರದು.

ಮಲಬದ್ಧತೆಗೆ ಇಸಬಗೋಲ್ ತುಂಬಿದ ದೊಡ್ಡ ಲೋಟ ನೀರಿನಲ್ಲಿ, ಕಲಸಿದ ಕೂಡಲೇ. ನೀರು ಕಡಿಮೆಯಾದರೆ ಅಂಟಾಗಿ ಗಂಟಲಲ್ಲೋ ಕರುಳಲ್ಲೋ ಕಟ್ಟುತ್ತದೆ. ಲ್ಯಾಕ್ಟುಲೋಸ್‌ಗೆ ಒಂದೆರಡು ದಿನ ಬೇಕು. ಬಿಸಾಕೊಡಿಲ್ ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ಕೆಲಸ, ಹಾಲಿನ ಜೊತೆ ಬೇಡ, ಲೇಪ ಬೇಗ ಕರಗಿ ಹೊಟ್ಟೆ ಹಿಂಡುತ್ತದೆ. ಹಠಾತ್ ನೋವು, ವಾಂತಿ, ಗಾಳಿಯೂ ಹೋಗದ ಸ್ಥಿತಿಯಲ್ಲಿ ಮಲ ಸಡಿಲಿಸುವ ಯಾವ ಮದ್ದೂ ಕೂಡದು.

ಲೇಬಲ್ಲಿನ ಎಡಬದಿಯ ಕೆಂಪು ಗೆರೆ ಚೀಟಿ ಇಲ್ಲದೆ ಕೊಡಬಾರದ ಔಷಧದ ಗುರುತು. ಪ್ಯಾಂಟೊಪ್ರಜೋಲ್ ಮೇಲೂ ಅದಿದೆ, ಜನ ಗಮನಿಸುವುದಿಲ್ಲ. ಔಷಧಕ್ಕೆ ಸರ್ಕಾರದ ಒಪ್ಪಿಗೆ ಒಮ್ಮೆ ಸಿಕ್ಕ ಮಾತ್ರಕ್ಕೆ ಅದು ಶಾಶ್ವತವಲ್ಲ: ಎದೆಯುರಿಗೆ ಧಾರಾಳವಾಗಿ ಬರೆಯುತ್ತಿದ್ದ ಸಿಸಾಪ್ರೈಡನ್ನು ಹೃದಯಕ್ಕೆ ಅಪಾಯವೆಂದು 2011ರಲ್ಲಿ ನಿಷೇಧಿಸಲಾಯಿತು. ಜನೌಷಧಿ ಕೇಂದ್ರದ ಮಾತ್ರೆ ಕೊಳ್ಳುವುದಾದರೆ ಬ್ರಾಂಡ್ ಬಿಟ್ಟು ಒಳಗಿನ ಔಷಧದ ಹೆಸರು, ಪ್ರಮಾಣ ಓದಿ ಕೇಳಿ. ಅಡ್ಡಪರಿಣಾಮ ಕಂಡರೆ ಫಾರ್ಮಕೋಪಿಯಾ ಆಯೋಗದ ಸಹಾಯವಾಣಿ 1800-180-3024ಕ್ಕೆ ರೋಗಿಯೇ ತಿಳಿಸಬಹುದು. ಅಲ್ಲಿ ಬ್ಯಾಚ್ ಸಂಖ್ಯೆ ಕೇಳಬಹುದು, ಆದ್ದರಿಂದ ಬಿಲ್ ಇಟ್ಟುಕೊಳ್ಳಿ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಬ್ಯಾಚ್, ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನೇ ಕೇಳಿ ತನ್ನಿ, ಬಿಡಿಸುವಾಗ ಇನ್ನೊಂದು ತುದಿಯಿಂದ ಶುರುಮಾಡಿ.