ಚೊಚ್ಚಲ ಬಸುರಿ, ತವರುಮನೆ ಮತ್ತು ಬಿಪಿ: ನನ್ನ ಅನುಭವ

ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿಯರಿಗೆ ಬಿಪಿ ಏರುವ ಕಾಯಿಲೆ, ಅದರ ಬಗ್ಗೆ ಸಂಶೋಧನೆ ಅಂದರೆ ಜನ ಲ್ಯಾಬು, ಮೈಕ್ರೋಸ್ಕೋಪು ಅಂದುಕೊಳ್ಳುತ್ತಾರೆ. ನನ್ನ ಕೆಲಸದ ಮುಕ್ಕಾಲು ಪಾಲು ಎರಡೇ. ಬಸುರಿಯರ ಬಿಪಿ ಸರಿಯಾಗಿ ಅಳೆಸುವುದು, ಆಮೇಲೆ ಅವರು ಯಾವ ಊರಿಗೆ ಹೋದರು ಅಂತ ಹುಡುಕುವುದು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎರಡನೆಯದೇ ಜಾಸ್ತಿ ಕಷ್ಟ.

ಕಾಯಿಲೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. 20 ವಾರ ತುಂಬಿದ ಮೇಲೆ ಬಿಪಿ 140/90 ಮುಟ್ಟಿ, ನಾಲ್ಕು ಗಂಟೆ ಬಿಟ್ಟು ನೋಡಿದರೂ ಇಳಿಯದೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅಥವಾ ಲಿವರ್, ಕಿಡ್ನಿಗೆ ಪೆಟ್ಟು ಬಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಬೇರು ಇರುವುದು ಮಾಸಿನಲ್ಲಿ. ಅದಕ್ಕೆ ರಕ್ತ ಸಾಲದಾದಾಗ ತಾಯಿಯ ರಕ್ತನಾಳಗಳನ್ನು ಕೆಡಿಸುವ ಪ್ರೋಟೀನುಗಳನ್ನು ಬಿಡುತ್ತದೆ. ಅದರಲ್ಲಿ ಎಸ್‌ಫ್ಲಿಟ್-1 ಅನ್ನುವ ಪ್ರೋಟೀನಿನ ಪಾತ್ರವನ್ನು 2003ರಲ್ಲಿ ತೋರಿಸಿದ್ದು ಬಾಸ್ಟನ್ನಿನ ಅನಂತ್ ಕರುಮಂಚಿಯವರ ತಂಡ.

ಹಳೆಯ ತಾಯಿ ಕಾರ್ಡುಗಳನ್ನು ತಿರುವಿ ಹಾಕಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಸೊನ್ನೆಗಳು. 110/70, 120/80, ಮತ್ತೆ 110/70. ಇಡೀ ಊರಿನ ಬಿಪಿ ಹೀಗೆ ಸೊನ್ನೆಯಲ್ಲೇ ಮುಗಿಯುತ್ತದಾ? ಅಂದಾಜಿಗೆ ಬರೆದ ಅಂಕಿಗಳಿವು. 142 ಇದ್ದದ್ದು 130 ಆದರೆ ಆ ಹೆಂಗಸು ನಮ್ಮ ಲೆಕ್ಕದಿಂದಲೂ ಹೋದಳು, ಚಿಕಿತ್ಸೆಯಿಂದಲೂ ಹೋದಳು. ಹಾಗಾಗಿ ಆಟೋಮ್ಯಾಟಿಕ್ ಯಂತ್ರ ಕೊಟ್ಟೆವು. ಅದರಲ್ಲೂ ಬಸುರಿಯರ ಮೇಲೆ ಪರೀಕ್ಷೆ ಆಗಿರುವಂಥದ್ದೇ ಬೇಕು. ಪ್ರಿಎಕ್ಲಾಂಪ್ಸಿಯಾ ಇದ್ದಾಗ ಎಷ್ಟೋ ಯಂತ್ರಗಳು ಬಿಪಿಯನ್ನು ಕಡಿಮೆ ತೋರಿಸುತ್ತವೆ.

ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಕೈ ಎದೆಯ ಮಟ್ಟಕ್ಕಿರಬೇಕು, ದಪ್ಪ ತೋಳಿಗೆ ದೊಡ್ಡ ಪಟ್ಟಿ ಕಟ್ಟಬೇಕು. ಅಂಗನವಾಡಿಯಲ್ಲಿ ಬೆನ್ನಿರುವ ಕುರ್ಚಿ ಎಲ್ಲಿಂದ ತರೋದು? ಗೋಡೆಗೆ ಒರಗಿಸಿ, ಕೈ ಕೆಳಗೆ ಮಡಚಿದ ಕೌದಿ ಇಡಿಸಿದೆವು. ಮಾತು ನಿಲ್ಲಿಸುವುದು ಮಾತ್ರ ಬಲು ಕಷ್ಟ. ಪಟ್ಟಿ ಬಿಗಿಯುವ ಹೊತ್ತಿಗೇ ಅತ್ತೆಗೆ ಏನೋ ಕೇಳಬೇಕಾಗಿರುತ್ತದೆ.

ಇನ್ನು ತವರಿನ ಕಥೆ. ಈ ಕಾಯಿಲೆ ಚೊಚ್ಚಲ ಬಸುರಿಯರಿಗೆ ಹೆಚ್ಚು. ಬಹಳ ಸಲ ಕಾಣಿಸಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ನಮ್ಮಲ್ಲಿ ಕುಬುಸ (ಸೀಮಂತ) ಮುಗಿಸಿಕೊಂಡು ಹುಡುಗಿ ತವರಿಗೆ ಹೋಗುವುದೂ ಆಗಲೇ! ಹೆಸರು ಬರೆಸಿದ್ದು ಅಥಣಿ ಕಡೆಯ ಹಳ್ಳಿಯಲ್ಲಿ, ಬಿಪಿ ಏರುವ ಹೊತ್ತಿಗೆ ಆಕೆ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ. ಅಲ್ಲಿನ ಆಶಾಗೆ ಆಕೆಯ ಗುರುತಿಲ್ಲ, ಇಲ್ಲಿನ ಆಶಾ ಕೈಗೆ ಆಕೆ ಸಿಗುವುದಿಲ್ಲ. ‘ಸಂಪರ್ಕಕ್ಕೆ ಸಿಗಲಿಲ್ಲ’ ಅಂತ ಬರೆದು ಕೈ ತೊಳೆದುಕೊಂಡರೆ ಅಧ್ಯಯನದಿಂದ ಬಿಟ್ಟುಹೋಗುವುದು ಅಪಾಯ ಜಾಸ್ತಿ ಇರುವವರೇ. ಆಮೇಲೆ ‘ಇಲ್ಲಿ ಈ ಕಾಯಿಲೆ ಕಡಿಮೆ’ ಅಂತ ವರದಿ ಬರುತ್ತದೆ. ನನ್ನ ಪ್ರಕಾರ ಇದು ಯಾವ ಅಂಕಿಅಂಶದ ಸೂತ್ರದಿಂದಲೂ ತುಂಬದ ತೂತು.

ಅದಕ್ಕೇ ಮೊದಲ ಭೇಟಿಯಲ್ಲೇ ‘ಕುಬುಸ ಯಾವ ತಿಂಗಳು, ತವರು ಯಾವ ಊರು’ ಅಂತ ಕೇಳಿ ಬರೆದುಕೊಳ್ಳತೊಡಗಿದೆ. ಹೆರಿಗೆ ತಾರೀಕು ಕೇಳಿದರೆ ತಡವರಿಸುವವರು ಕುಬುಸದ ತಿಂಗಳನ್ನು ಥಟ್ಟನೆ ಹೇಳುತ್ತಾರೆ. ತವರಿನಲ್ಲಿ ಫೋನು ಇರುವುದು ಅಣ್ಣನ ಕೈಯಲ್ಲಿ, ಅವನು ಹಗಲೆಲ್ಲ ಹೊಲದಲ್ಲಿ. ಹಾಗಾಗಿ ಕತ್ತಲಾದ ಮೇಲೆ ಫೋನ್ ಮಾಡುತ್ತೇವೆ. ‘ಆರಾಮ ಇದ್ದೀಯಾ’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ತಲೆ ಸಿಡಿಯುತ್ತಾ, ಕಣ್ಣು ಮಂಜಾಗುತ್ತಾ, ಎದೆಗುಂಡಿಗೆ ಕೆಳಗೆ ನೋವಾ ಅಂತ ಒಂದೊಂದಾಗಿ ಕೇಳಬೇಕು. ಕಾಲು ಬಾವು ಬಂದರೆ ಯಾರೂ ಹೇಳುವುದಿಲ್ಲ, ಬಸುರಿಗೆ ಅದು ಸಹಜ ಅಂತ. ಬಿಪಿ ಏರಿದರೆ ‘ಟೆನ್ಶನ್ ಮಾಡ್ಕೊಂಡಾಳ್ರೀ’ ಅನ್ನುತ್ತಾರೆ. ಬೈದು ಪ್ರಯೋಜನವಿಲ್ಲ, ಆಸ್ಪತ್ರೆಗೆ ಗಾಡಿ ಗೊತ್ತು ಮಾಡಿದರೆ ಸಾಕು.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಈ ಕಾಯಿಲೆ ಬಗ್ಗೆ ನಡೆದ ಕ್ಲಿಪ್ ಅನ್ನುವ ಅಧ್ಯಯನದಲ್ಲಿ ಆಶಾಗಳೇ ಮನೆಮನೆಗೆ ಹೋಗಿ ಬಿಪಿ ನೋಡಿದರು. ಪಾಕಿಸ್ತಾನ, ಮೊಜಾಂಬಿಕ್ ಜೊತೆ ಸೇರಿಸಿ 2020ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಸಾವು, ತೊಂದರೆ ತಗ್ಗಿರಲಿಲ್ಲ. ನನಗೆ ಅಚ್ಚರಿ ಆಗಲಿಲ್ಲ. ಬಿಪಿ ಪತ್ತೆ ಮಾಡಿದ ಮೇಲೆ ಮುಂದಿನ ಆಸ್ಪತ್ರೆಯಲ್ಲಿ ವೈದ್ಯರು, ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್, ರಕ್ತ ಎಲ್ಲ ಇರಬೇಕಲ್ವಾ? ಈ ಕಾಯಿಲೆ ತಡೆಯಲು ಬಸುರಿಯರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಯ ವಿಷಯದಲ್ಲಿ ಮಾತ್ರ ಖುಷಿ ಕೊಡುವ ಉತ್ತರ ಸಿಕ್ಕಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ತಂಡ 11,000 ಚೊಚ್ಚಲ ಬಸುರಿಯರಲ್ಲಿ ದಿನಕ್ಕೆ 500 ಮತ್ತು 1500 ಮಿಲಿಗ್ರಾಂ ಹೋಲಿಸಿತು. 2024ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಪ್ರಿಎಕ್ಲಾಂಪ್ಸಿಯಾ 500ರ ಗುಂಪಿನಲ್ಲಿ ಶೇ 3.0, 1500ರಲ್ಲಿ ಶೇ 3.6. ಅಂದರೆ ಕಡಿಮೆ ಡೋಸು ಹಿಂದೆ ಬೀಳಲಿಲ್ಲ. ಮಾತ್ರೆ ನುಂಗಲು ಬೇಸರ ಪಡುವ ಹುಡುಗಿಯರಿಗೆ ಇದು ದೊಡ್ಡ ಸಮಾಧಾನ.

ಹೆರಿಗೆ ಆದರೆ ಕೆಲಸ ಮುಗಿಯಲಿಲ್ಲ. ಫಿಟ್ಸ್ ಹೆರಿಗೆ ಆದ ಮೇಲೂ ಬರಬಹುದು. ಬಾಣಂತಿ ತವರಿನಲ್ಲೇ ತಿಂಗಳುಗಟ್ಟಲೆ ಇರುತ್ತಾಳೆ, ಕೋಣೆಯೊಳಕ್ಕೆ ಹೊರಗಿನವರನ್ನು, ಅದರಲ್ಲೂ ಗಂಡಸರನ್ನು ಬಿಡುವುದಿಲ್ಲ. ಹಾಗಾಗಿ ಆರನೇ ವಾರದ ಬಿಪಿ ನೋಡುವ ಕೆಲಸವನ್ನು ಈಗ ತವರೂರಿನ ಆಶಾಗೇ ವಹಿಸಿದ್ದೇವೆ. ಅಂಕಿಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ, ಸಾಂಗ್ಲಿ ಕಡೆಯವರು ಕೆಳಗೆ ಮರಾಠಿಯಲ್ಲಿ ಟಿಪ್ಪಣಿ ಬರೆದು.