ಮಲೇರಿಯಾ ಸ್ಲೈಡ್ ಕೆಡುವುದು ನೀರಿನಲ್ಲೇ

ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದುವ ಮಕ್ಕಳಿಗೆ ಸ್ಲೈಡ್ ಮಾಡುವುದನ್ನು ಕಲಿಸುತ್ತೇನೆ. ಪ್ರತಿ ವರ್ಷ ಅದೇ ತಪ್ಪು ಕಾಣುತ್ತದೆ. ಎಲ್ಲರೂ ಪರೋಪಜೀವಿಯನ್ನೇ ಹುಡುಕುತ್ತಾರೆ. ಅದು ಹೊಕ್ಕ ಕೆಂಪು ರಕ್ತಕಣ ಏನಾಗಿದೆ ಅಂತ ಯಾರೂ ನೋಡುವುದಿಲ್ಲ. ಅದು ಯಾವ ಮಲೇರಿಯಾ ಅಂತ ಹೇಳುವ ಗುರುತು ಎಷ್ಟೋ ಸಲ ಆ ಕಣದಲ್ಲೇ ಇರುತ್ತದೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬಂದ ಹೊಸದರಲ್ಲಿ ಮಂಡ್ಯದ ಸುತ್ತ ಗದ್ದೆಯ ಜೊತೆ ಚಳಿಜ್ವರವೂ ಹಬ್ಬಿತ್ತು. ಈಗ ಕೇಸು ತೀರಾ ಕಮ್ಮಿ. ಹಾಗಾಗಿ ಕಣ್ಣಿಗೆ ಅಭ್ಯಾಸ ತಪ್ಪಿದೆ. ಆದ್ದರಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬೆರಳು. ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟು, ಚುಚ್ಚಿ, ಮೊದಲ ಹನಿ ಒರೆಸಿಬಿಡಿ. ಟ್ಯೂಬಿನ ರಕ್ತವಾದರೆ ತಡಮಾಡಬೇಡಿ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಇಡಿಟಿಎಯಲ್ಲಿ ಗಂಟೆಗಟ್ಟಲೆ ಕೂತ ರಕ್ತದಲ್ಲಿ ಕಣದ ಗುರುತುಗಳು ಅಳಿಸಿಹೋಗುತ್ತವೆ.

ಒಂದೇ ಸ್ಲೈಡಿನಲ್ಲಿ ದಪ್ಪ ಸ್ಮಿಯರ್ (ರಕ್ತದ ಲೇಪ), ತೆಳು ಸ್ಮಿಯರ್ ಎರಡೂ ಮಾಡಿ. ದಪ್ಪದ್ದು ಸುಮಾರು 1 ಸೆಂ.ಮೀ. ಅಗಲ ಸಾಕು. ಹಸಿ ಇರುವಾಗಲೇ ಸ್ಲೈಡನ್ನು ಈ ಪುಟದ ಮೇಲಿಡಿ. ಅದರ ಮೂಲಕ ಅಕ್ಷರ ಓದಲು ಬಂದರೆ ಸರಿ, ಬರದಿದ್ದರೆ ರಕ್ತ ಜಾಸ್ತಿಯಾಗಿದೆ. ಒಣಗಿದ ಮೇಲೆ ತೆಳು ಸ್ಮಿಯರಿಗೆ ಮಾತ್ರ ಮೆಥನಾಲ್ ಮುಟ್ಟಿಸಿ. ದಪ್ಪದ್ದಕ್ಕೆ ಒಂದು ಹನಿ ತಾಗಿದರೂ ಕೆಂಪು ಕಣಗಳು ಒಡೆಯದೆ ಹಾಗೇ ಕೂರುತ್ತವೆ, ಒಳಗೇನಿದೆ ಅಂತ ಕಾಣುವುದಿಲ್ಲ. ಬೇಗ ಒಣಗಲಿ ಅಂತ ದೀಪಕ್ಕೆ ಹಿಡಿದರೂ ಅದೇ ಗತಿ.

ಇನ್ನು ಬಣ್ಣ. ಇಲ್ಲಿ ಆತುರ ಬೇಡ. 3 ಎಂಎಲ್ ಗೀಮ್ಸಾ ಬಣ್ಣಕ್ಕೆ 97 ಎಂಎಲ್ ಬಫರ್ ನೀರು (ಪಿಎಚ್ ಏರುಪೇರಾಗದ ನೀರು), 30ರಿಂದ 45 ನಿಮಿಷ. ನೀರಿನ ಪಿಎಚ್ 7.2 ಇರಲೇಬೇಕು. ಮಾಮೂಲಿ ರಕ್ತ ಪರೀಕ್ಷೆಗೆ ಇಟ್ಟ 6.8ರ ಬಫರನ್ನೇ ಸುರಿಯುವವರು ಬಹಳ ಜನ. ಅದರಲ್ಲಿ ಪರೋಪಜೀವಿ ಕಂಡರೂ ಕಣದ ಮೇಲಿನ ಚುಕ್ಕೆಗಳು ಸರಿಯಾಗಿ ಏಳುವುದಿಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ತಂದು ಅಳೆಯದೆ ಬಳಸುವುದನ್ನೂ ನೋಡಿದ್ದೇನೆ. 7.2ರ ಬಫರ್ ಮಾತ್ರೆ ಕೊಳ್ಳಿ, ಕರಗಿಸಿ, ಅಳೆದು ನೋಡಿ. ನೀರು ಬೆರೆಸಿದ ಗೀಮ್ಸಾ ಮಿಕ್ಕರೆ ಚೆಲ್ಲಿ. ನಾಳೆಗೆ ಅದು ಬರೀ ಗಸಿ.

ಈ ಚುಕ್ಕೆಗಳಿಗೆ ಯಾಕೆ ಇಷ್ಟು ಒದ್ದಾಟ? ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ ಪರೋಪಜೀವಿ ಹೊಕ್ಕ ಕಣ ಊದಿಕೊಳ್ಳುತ್ತದೆ. ಅದರ ಪೊರೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಗುಳಿಗಳಿಗೆ ಪುಟ್ಟ ಚೀಲಗಳು ಅಂಟಿರುತ್ತವೆ. ಅವೇ ನಮಗೆ ನಸುಗೆಂಪು ಶುಫ್ನರ್ ಚುಕ್ಕೆಗಳಾಗಿ ಕಾಣುವುದು. ಪರೋಪಜೀವಿ ತೀರಾ ಎಳೆಯ ಉಂಗುರದ ರೂಪದಲ್ಲಿದ್ದರೆ ಚುಕ್ಕೆ ಇನ್ನೂ ಮೂಡಿರುವುದಿಲ್ಲ, ಬೆಳೆದದ್ದನ್ನು ಹುಡುಕಿ. ಒಮ್ಮೆ ಒಂದು ಲ್ಯಾಬಿನಿಂದ ಒಬ್ಬ ಹುಡುಗನ ಸ್ಲೈಡ್ ನನ್ನ ಕೈಗೆ ಬಂತು. ಚುಕ್ಕೆ ಏಳದೆ ವೈವಾಕ್ಸನ್ನು ಫಾಲ್ಸಿಪ್ಯಾರಮ್ ಅನ್ನುವ ಇನ್ನೊಂದು ಜಾತಿ ಅಂತ ಬರೆದಿದ್ದರು. ವೈವಾಕ್ಸ್ ಪಿತ್ತಜನಕಾಂಗದಲ್ಲಿ ಅಡಗಿ ಮಲಗುತ್ತದೆ. ಅದಕ್ಕೆ ಕೊಡುವ 14 ದಿನದ ಪ್ರೈಮಾಕ್ವಿನ್ ಆ ಹುಡುಗನಿಗೆ ಸಿಗಲಿಲ್ಲ, ಕೆಲವು ತಿಂಗಳಲ್ಲಿ ಜ್ವರ ಮರಳಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಫಾಲ್ಸಿಪ್ಯಾರಮ್ ಬೇರೆಯೇ ಆಟ ಆಡುತ್ತದೆ. ಅದರ ಕಣ ಊದುವುದಿಲ್ಲ. ಪರೋಪಜೀವಿ ತಾನು ಮಾಡಿದ ಪ್ರೋಟೀನುಗಳನ್ನು ಕಣದ ಪೊರೆಯವರೆಗೆ ಸಾಗಿಸುತ್ತದೆ. ದಾರಿಯಲ್ಲಿ ಕಟ್ಟಿಕೊಂಡ ತಂಗುದಾಣಗಳೇ ಮೌರರ್ ಬಿರುಕುಗಳು. ಪೊರೆ ಗಡುಸಾಗುತ್ತದೆ, ಅದರ ಮೇಲೆ ಗುಬುಟುಗಳು ಏಳುತ್ತವೆ. ಈ ಗುಬುಟುಗಳು ನಮ್ಮ ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಗುಬುಟುಗಳ ಮೇಲೆ ಪಿಎಫ್‌ಇಎಂಪಿ1 ಅನ್ನುವ ಪ್ರೋಟೀನ್ ಕೂತಿರುತ್ತದೆ. ಗದ್ದೆ ಬದುವಿನಲ್ಲಿ ಉತ್ತರಾಣಿ ಬೀಜ ಸೀರೆ ಅಂಚಿಗೆ ಕಚ್ಚಿಕೊಳ್ಳುತ್ತಲ್ವಾ, ಹಾಗೆ ಆ ಕಣ ಸಣ್ಣ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಗುಲ್ಮದ (ಸ್ಪ್ಲೀನ್) ಜರಡಿಗೆ ಸಿಕ್ಕದೆ ಉಳಿಯುತ್ತದೆ.

ಆದ್ದರಿಂದ ಬೆರಳಿನ ರಕ್ತದಲ್ಲಿ ಹೆಚ್ಚಾಗಿ ಎಳೆಯ ಉಂಗುರಗಳು, ಬಾಳೆಹಣ್ಣಿನ ಆಕಾರದ ಗ್ಯಾಮಿಟೋಸೈಟುಗಳು (ಪರೋಪಜೀವಿಯ ಗಂಡು, ಹೆಣ್ಣು ರೂಪಗಳು) ಮಾತ್ರ ಸಿಗುತ್ತವೆ. ಬಲಿತವು ಮಿದುಳಿನಲ್ಲೋ ಮೂತ್ರಪಿಂಡದಲ್ಲೋ ಅಂಟಿ ಕೂತಿರಬಹುದು. ನಾಲ್ಕೇ ಉಂಗುರ ಕಂಡಿತು ಅಂತ ಕಾಯಿಲೆ ಹಗುರ ಅನ್ನಬೇಡಿ. ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ನೆಗೆಟಿವ್ ಅಂತ ಬರೆಯುವ ಮೊದಲು ದಪ್ಪ ಸ್ಮಿಯರಿನಲ್ಲಿ ಎಣ್ಣೆ ಹಾಕಿ ಕನಿಷ್ಠ 100 ಫೀಲ್ಡ್ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ಜಾಗ) ನೋಡಿ. ಜ್ವರ ಬಿಡದಿದ್ದರೆ 12 ಗಂಟೆ ಕಳೆದು ಮತ್ತೆ ಬೆರಳು ಚುಚ್ಚಿ.